ಅಣ್ಣನ ನಂಬರಿಗೆ ಬಂದ ಫೋನು

ಕಾರು ಕೊಂಡವಳು ನಾನು. ಆರಿಸಿದ್ದು ನಾನು, ಬಣ್ಣ ಹೇಳಿದ್ದು ನಾನು, ಆರ್.ಸಿ.ಯಲ್ಲಿ ಇರುವ ಹೆಸರೂ ನನ್ನದೇ. ಅದರ ಕಾಗದಗಳಲ್ಲಿ ಬರೆದಿದ್ದ ಫೋನ್ ನಂಬರು ಮಾತ್ರ ಅಣ್ಣನದು. ಮೈಸೂರಿನ ಶೋರೂಮಿನಲ್ಲಿ ಫಾರಂ ತುಂಬುತ್ತಿದ್ದವನು "ಕಾಂಟ್ಯಾಕ್ಟ್ ನಂಬರ್ ಹೇಳಿ" ಎಂದಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಜೊತೆಗೆ ಬಂದಿದ್ದ ಅಣ್ಣನನ್ನು ನೋಡಿ ಕೇಳಿದ. ಅಣ್ಣ ಪಟಪಟನೆ ತನ್ನ ಹತ್ತು ಅಂಕಿ ಒಪ್ಪಿಸಿದ.

"ನಂದು ಹಾಕಿಸೋಣ" ಎಂದು ನಾನು ಬಾಯಿ ತೆರೆದೆ.

"ನಿಂಗ್ಯಾಕಮ್ಮಿ ತಲೆನೋವು? ಇವ್ರು ದಿನಾ ಫೋನ್ ಮಾಡಿ ಪ್ರಾಣ ತಿಂತರೆ. ನಾನು ನೋಡ್ಕತೀನಿ ಬುಡು" ಎಂದ ಅಣ್ಣ.

ನಮ್ಮ ಕಡೆ ಮನೆಗೊಂದು ನಂಬರು ಇರುತ್ತದೆ, ಅದು ಗಂಡಸಿನದು. ಗ್ಯಾಸಿಗೆ ಅದೇ, ರೇಷನ್ನಿಗೆ ಅದೇ, ಕರೆಂಟಿಗೆ ಅದೇ, ಅವ್ವನ ಆಧಾರಿಗೂ ಅದೇ. ಹೆಂಗಸರ ಕೈಯಲ್ಲೂ ಫೋನಿರುತ್ತದೆ, ಅದು ನೆಂಟರ ಜೊತೆ ಮಾತಾಡೋದಕ್ಕೆ. ಸರ್ಕಾರ, ಕಂಪನಿ, ಬ್ಯಾಂಕು ಇವೆಲ್ಲ ಗಂಡಸಿನ ಜೇಬಿನೊಳಗೇ ಬಂದು ಗುಂಯ್‌ಗುಟ್ಟಬೇಕು. ನಾನು ಹುಣಸೂರಿನಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಇಪ್ಪತ್ತೈದು ವರ್ಷ ದುಡಿದವಳು. ರಕ್ತದ ಬಾಟಲಿಯ ಮೇಲೆ ಒಬ್ಬರ ಬದಲು ಇನ್ನೊಬ್ಬರ ಹೆಸರು ಬಿದ್ದರೆ ಏನಾಗುತ್ತದೆ ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳಿದವಳು. ನನ್ನ ಕಾರಿನ ಮೇಲೆ ಇನ್ನೊಬ್ಬರ ನಂಬರು ಬಿದ್ದಾಗ ಸುಮ್ಮನೆ ಕೂತಿದ್ದೆ. ಸುಮ್ಮನೆ ಏನು, ಒಳಗೊಳಗೇ ಖುಷಿಯನ್ನೂ ಪಟ್ಟೆ. ಇನ್ಶೂರೆನ್ಸಿನವರು, ಟೈರಿನವರು, ಪಾಲಿಶ್ ಮಾಡುವವರು ಎಲ್ಲ ಅವನನ್ನೇ ಅರೆಯಲಿ, ನನ್ನ ಪಾಡಿಗೆ ನಾನು ಆರಾಮಾಗಿರ್ತೀನಿ ಅಂದುಕೊಂಡೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ನನಗೆ ಮದುವೆಯಾಗಲಿಲ್ಲ. ಅದರ ಕಥೆ ಇಲ್ಲಿ ಬೇಡ. ಅವ್ವ ಇರುವುದು ರಾವಂದೂರಿನ ಹತ್ತಿರದ ನಮ್ಮೂರಿನಲ್ಲಿ, ಅಣ್ಣನ ಮನೆಯಲ್ಲಿ. ನಮ್ಮದು ಹೊಗೆಸೊಪ್ಪಿನ ಮನೆ. ಹೊಲದಿಂದ ಹಸಿ ಸೊಪ್ಪು ಬಂದಮೇಲೆ ಅದನ್ನು ಉದ್ದದ ಕಡ್ಡಿಗೆ ದಾರದಿಂದ ಕಟ್ಟಿ, ಬ್ಯಾರನ್ ಅನ್ನುವ ಎತ್ತರದ ಗೂಡಿನೊಳಗೆ ನೇತುಹಾಕಿ ಬೇಯಿಸಬೇಕು. ಕಡ್ಡಿ ಕಟ್ಟುವ ಕೆಲಸದಲ್ಲಿ ಅವ್ವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಎಡಗೈ ಸೊಪ್ಪು ಜೋಡಿಸುವಷ್ಟರಲ್ಲಿ ಬಲಗೈ ದಾರ ಸುತ್ತಿ ಬಿಗಿದು ಮುಂದಕ್ಕೆ ಹೋಗಿರುತ್ತಿತ್ತು. ಬಾಯಿ ಪಕ್ಕದವಳ ಜೊತೆ ಜಗಳಕ್ಕೆ ನಿಂತಿದ್ದರೂ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಬೇರೆ ಮನೆಯವರು ಬಂದು "ಒಂದಿನ ಬಾರವ್ವ" ಎಂದು ಕರೆಯುತ್ತಿದ್ದರು. ಸೊಸೆಯ ಮನೆಯಲ್ಲಿ ಅವ್ವ ತಲೆಯೆತ್ತಿ ಓಡಾಡುತ್ತಿದ್ದುದು ಆ ಕೈಯ ಧೈರ್ಯದಿಂದ.

ಕಾರು ಬಂದಮೇಲೆ ಅವ್ವನ ಓಡಾಟವೆಲ್ಲ ನನ್ನ ಜೊತೆ. ಭಾನುವಾರ ಬಂದರೆ ಪಿರಿಯಾಪಟ್ಟಣಕ್ಕೋ, ಕೆ.ಆರ್. ನಗರಕ್ಕೋ, ಎಚ್.ಡಿ. ಕೋಟೆ ಕಡೆಯ ಚಿಕ್ಕಮ್ಮನ ಮನೆಗೋ ಹೊರಡುತ್ತಿದ್ದೆವು. ಅವ್ವನಿಗೆ ಹಿಂದಿನ ಸೀಟಿನಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ಮುಂದಿನ ಎಡಗಡೆ ಸೀಟು ಅವಳದ್ದೇ. ಅವಳು ಇಲ್ಲದ ದಿನ ಅಲ್ಲಿ ನನ್ನ ಬ್ಯಾಗೂ ಊಟದ ಡಬ್ಬಿಯೂ ಕೂರುತ್ತಿದ್ದವು.

ಬೆಲ್ಟ್ ಹಾಕುವುದನ್ನು ಕಲಿಸಲು ಒಂದು ತಿಂಗಳು ಹಿಡಿಯಿತು. ಮೊದಮೊದಲು ಅವ್ವ ಅದನ್ನು ಸೆರಗಿನ ಮೇಲೆ ಸುಮ್ಮನೆ ಹೊದ್ದುಕೊಂಡು ಕೂರುತ್ತಿದ್ದಳು. ಪೊಲೀಸರಿಗೆ ಕಂಡರೆ ಸಾಕಲ್ಲ ಎನ್ನುತ್ತಿದ್ದಳು. ನಾನು ಗಾಡಿ ನಿಲ್ಲಿಸಿ ರೇಗುತ್ತಿದ್ದೆ. "ಪೊಲೀಸರಿಗಲ್ಲ, ನಿನ್ನ ಮೂಳೆಗೆ ಕಣವ್ವ. ಟಕ್ ಅನ್ನಬೇಕು, ಅನ್ನೋವರೆಗೂ ಗಾಡಿ ಎತ್ತಲ್ಲ." ಕೊನೆಕೊನೆಗೆ ಅವಳೇ ನನಗೆ ಪರೀಕ್ಷೆ ಒಪ್ಪಿಸುವವಳಂತೆ, "ಟಕ್ ಅಂತು, ಕೇಳಿಸ್ತಾ? ಇನ್ನು ವೊಂಡು" ಎನ್ನುತ್ತಿದ್ದಳು.

ಸಂಕ್ರಾಂತಿ ಕಳೆದ ವಾರ ಕೆ.ಆರ್. ನಗರದಲ್ಲಿ ಸೋದರಮಾವನ ಮೊಮ್ಮಗಳ ನಾಮಕರಣ. ಹಿಂದಿನ ದಿನವೇ ಊರಿಗೆ ಹೋಗಿ ಉಳಿದು, ಬೆಳಗ್ಗೆ ಅವ್ವನನ್ನು ಹತ್ತಿಸಿಕೊಂಡು ಹೊರಟೆ. ಹುರುಳಿ ಕಿತ್ತ ಕಾಲ. ನಮ್ಮ ಕಡೆ ಆಗ ಕಣ ಯಾರೂ ಮಾಡುವುದಿಲ್ಲ, ಡಾಂಬರು ರಸ್ತೆಯೇ ಕಣ. ಗಿಡಗಳನ್ನು ರಸ್ತೆಗೆ ಅಡ್ಡ ಹರಡಿಬಿಟ್ಟರೆ ಹೋಗೋ ಬರೋ ಗಾಡಿಗಳ ಚಕ್ರ ತುಳಿದು ಕಾಳು ಬಿಡಿಸುತ್ತವೆ. ಒಂದು ಕಡೆ ಹರಡಿದ ಹುರುಳಿ, ಇನ್ನೊಂದು ಕಡೆ ತುಳಿಸಿ ಒಟ್ಟಿದ ಹೊಟ್ಟಿನ ರಾಶಿ. ನಿಧಾನಕ್ಕೇ ಹೋಗುತ್ತಿದ್ದೆ. ರಾಶಿಯ ಮರೆಯಲ್ಲಿ ಬಗ್ಗಿ ಕಾಳು ಬಾಚುತ್ತಿದ್ದ ಹೆಂಗಸು, ನನ್ನ ಗಾಡಿ ಇನ್ನೇನು ಪಕ್ಕಕ್ಕೆ ಬಂತು ಅನ್ನುವಾಗ ಮೊರ ಹಿಡಿದು ಎದ್ದು ಹಿಂದೆ ನೋಡದೆ ರಸ್ತೆಗೆ ಇಳಿದಳು. ಬ್ರೇಕು ಒತ್ತಿದೆ. ಅವಳಿಂದ ಒಂದು ಮಾರು ದೂರದಲ್ಲಿ ಕಾರು ನಿಂತಿತು.

ಅವ್ವ ನಿಲ್ಲಲಿಲ್ಲ. ಮುಂದಕ್ಕೆ ಚಿಮ್ಮಿ, ಬಲಗೈಯನ್ನು ಡ್ಯಾಶ್‌ಬೋರ್ಡಿಗೆ ಊರಿ, ಕೈ ಮಡಚಿ, ಹಣೆ ಬಡಿದುಕೊಂಡಳು. ಬೆಲ್ಟು ಅವಳ ತೋಳಿನ ಮೇಲೆ ಸಡಿಲವಾಗಿ ಜೋಲುತ್ತಿತ್ತು. ಆ ಹೆಂಗಸು ಮೊರ ಬಿಸಾಕಿ ಓಡಿಬಂದು ಬಾಗಿಲು ತೆಗೆದಳು, ನೀರು ಕುಡಿಸಿದಳು, ನಮಗಿಂತ ಮುಂಚೆ ಅವಳೇ ಅಳುವುದಕ್ಕೆ ಶುರುಮಾಡಿದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದು ಅವ್ವನ ಮೇಲೆ.

ಹುಣಸೂರಿಗೆ, ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದುಕೊಂಡು ಬಂದೆ. ಎಕ್ಸ್‌ರೇಯಲ್ಲಿ ಮಣಿಕಟ್ಟು ಮೂರು ಕಡೆ ಮುರಿದು, ಒಂದು ಮೂಳೆ ಚೂರಾಗಿತ್ತು. ಅದನ್ನು ನೋಡುತ್ತಲೇ ನನ್ನ ತಲೆ ಕೆಟ್ಟಿತು. ಡಾಕ್ಟರು ಇದ್ದರು, ನರ್ಸುಗಳಿದ್ದರು, ನನ್ನ ಜೊತೆ ದಿನಾ ಟೀ ಕುಡಿಯುವವರೆಲ್ಲ ಸುತ್ತ ನಿಂತಿದ್ದರು. ಅವರೆಲ್ಲರ ಮುಂದೆ ಹಣೆಗೆ ಪಟ್ಟಿ ಸುತ್ತಿಕೊಂಡು ಸ್ಟ್ರೆಚರಿನಲ್ಲಿ ಮಲಗಿದ್ದ ಮುದುಕಿಯನ್ನು ನಾನು ಬೈದೆ.

"ನೂರು ಸಲ ಹೇಳಿಲ್ವಾ ನಿಂಗೆ? ಒಂದು ಬೆಲ್ಟ್ ನೆಟ್ಟಗೆ ಹಾಕ್ಕೊಳ್ಳೋಕೆ ಆಗಲ್ವಾ? ಟಕ್ ಅನ್ನಿಸೋಕೆ ಏನು ಬರಬಾರದ ರೋಗ ನಿಂಗೆ?"

"ಟಕ್ ಅಂತು ಕಣವ್ವ" ಎಂದಳು ಅವ್ವ.

"ಅಂದಿದ್ರೆ ಹೆಂಗೆ ಬಿಚ್ಕೊಳ್ತು? ಸುಳ್ಳು ಬೇರೆ ಹೇಳ್ತೀಯ."

ನೋವಿಗೆ ಕೊಟ್ಟ ಇಂಜೆಕ್ಷನ್ನಿಗೆ ಅವ್ವನ ಕಣ್ಣು ಎಳೆಯುತ್ತಿತ್ತು. "ಇಲ್ದೆ ಇರ್ಬೈದು. ನಂದೇ ತಪ್ಪು ಬುಡು" ಎಂದಳು.

ಅಷ್ಟರಲ್ಲಿ ಅಣ್ಣ ಬಂದ. ಹೇಗಾಯಿತೆಂದು ನಾನು ಹೇಳಿದೆ. ಬೆಲ್ಟಿನ ಮಾತು ಬಂದಾಗ ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. "ಅವ್ವಂಗೆ ಅವೆಲ್ಲ ಎಲ್ ಬತ್ತವೆ ಕಣಮ್ಮಿ. ನೀನಾದ್ರೂ ನೋಡಿ ಆಕ್ಬೇಕಿತ್ತು" ಎಂದ. ಅಂದರೆ ತಪ್ಪು ಅರ್ಧ ಅವ್ವನದು, ಅರ್ಧ ನನ್ನದು ಎಂದು ಅಲ್ಲೇ ತೀರ್ಮಾನವಾಯಿತು. ನಾನೂ ಒಪ್ಪಿಕೊಂಡೆ.

ಮೈಸೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ಬೆರಳು ಅರ್ಧ ಮಡಚುತ್ತವೆ, ಹೆಬ್ಬೆರಳು ಕಿರುಬೆರಳ ಹತ್ತಿರ ಹೋಗುವುದೇ ಇಲ್ಲ. ಲೋಟ ಹಿಡಿಯಬಹುದು, ಚೊಂಬು ಎತ್ತಲಾಗುವುದಿಲ್ಲ. ಮುದ್ದೆ ಮುರಿಯುವುದು ಎಡಗೈಯಲ್ಲಿ. ನೋಡಲು ಬಂದವರಿಗೆಲ್ಲ ಅವ್ವ ತಾನೇ ಕಥೆ ಹೇಳುವುದು ಅಭ್ಯಾಸ ಮಾಡಿಕೊಂಡಳು. "ಮಗ್ಳು ನೂರ್ ಸಲ ಯೋಳಿದ್ಲು. ಬೆಲ್ಟ್ ಆಕ್ಕಳಕ್ಕೆ ಬರ್ನಿಲ್ಲ ಈ ಎಬ್ಬೆಟ್ಟಿಗೆ" ಎಂದು ತನ್ನನ್ನು ತಾನೇ ಹಂಗಿಸಿಕೊಂಡು ನಗುತ್ತಿದ್ದಳು. ಬಂದವರೂ ನಗುತ್ತಿದ್ದರು. ಪಕ್ಕದಲ್ಲಿದ್ದರೆ ನಾನೂ ನಗುತ್ತಿದ್ದೆ.

ಒಂದು ಸಲ ಮಾತ್ರ, ಏಪ್ರಿಲ್ಲೋ ಮೇಯೋ ಇರಬೇಕು, ನಾವಿಬ್ಬರೇ ಇದ್ದಾಗ ಅವಳು ಮೆತ್ತಗೆ ಕೇಳಿದಳು. "ಅಲ್ಲ ಕಣವ್ವ, ಟಕ್ ಅಂದಿದ್ದು ನಂಗೆ ಕೇಳುಸ್ತಲ್ಲ. ನಂಗೆ ಕಿವಿ ವೋಯ್ತಾ ಅದೋ, ಬುದ್ದಿ ವೋಯ್ತಾ ಅದೋ?" ನಾನು ಲ್ಯಾಬಿನವಳಲ್ಲವೇ, ವಯಸ್ಸಾದ ಮೇಲೆ ಮರೆವು ಬರುವುದು ಸಹಜ ಎಂದು ದೊಡ್ಡದಾಗಿ ವಿವರಿಸಿದೆ. ಅವ್ವ ತಲೆಯಾಡಿಸಿದಳು. ಅಂದಿನಿಂದ ಅವಳು ಒಲೆ ಆರಿಸಿದೆನಾ, ಬಾಗಿಲು ಹಾಕಿದೆನಾ ಎಂದು ಎರಡೆರಡು ಸಲ ಹೋಗಿ ನೋಡಿ ಬರತೊಡಗಿದಳು. ಅವಳಿಗೆ ತನ್ನ ಮೇಲಿದ್ದ ನಂಬಿಕೆಯನ್ನು ನಾನೇ ಕೈಯಾರೆ ತೆಗೆದೆ.

ಜುಲೈನಲ್ಲಿ ಸೊಪ್ಪು ಮುರಿಯಲು ಶುರುವಾಯಿತು. ಅಂಗಳದಲ್ಲಿ ಹೆಂಗಸರೆಲ್ಲ ಕಡ್ಡಿ ಕಟ್ಟಲು ಕೂತಾಗ ಅವ್ವನೂ ಅಭ್ಯಾಸಬಲದಿಂದ ತನ್ನ ಮಣೆ ಎಳೆದುಕೊಂಡು ಕೂತಳಂತೆ. ಒಂದು ಕಡ್ಡಿ ಮುಗಿಸುವಷ್ಟರಲ್ಲಿ ಉಳಿದವರು ಎಂಟು ಹತ್ತು ಮುಗಿಸಿದರಂತೆ. ಕಟ್ಟಿದ್ದೂ ಸಡಿಲವಾಗಿ, ಬ್ಯಾರನ್ನಿಗೆ ಏರಿಸುವಾಗ ಸೊಪ್ಪು ಜಾರಿ ಬಿತ್ತಂತೆ. ಅತ್ತಿಗೆ ಅದನ್ನು ನನಗೆ ಫೋನಿನಲ್ಲಿ ಹೇಳಿದಾಗ ಅವಳ ದನಿಯಲ್ಲಿ ಕೊಂಕೇನೂ ಇರಲಿಲ್ಲ. "ಅತ್ತೆಗೆ ಮನೇಲೇ ಕುಂತಿರಿ ಅಂದೆ ಕಣಮ್ಮಿ, ಪಾಪ" ಎಂದಳು. ಆ ಪಾಪ ಅನ್ನುವ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ನನ್ನ ಅವ್ವನಿಗೆ ಯಾರೂ ಪಾಪ ಅಂದವರಲ್ಲ.

ಅದರ ಮುಂದಿನ ವಾರ ಕಾರಿನ ಎ.ಸಿ. ಕೆಟ್ಟಿತು. ಫ್ರೀ ಸರ್ವೀಸು ಮುಗಿದಮೇಲೆ ನಾನು ಹುಣಸೂರಿನ ಗುರುತಿನ ಗ್ಯಾರೇಜಿನಲ್ಲೇ ಎಲ್ಲ ಮಾಡಿಸುತ್ತಿದ್ದೆ. ಅವನು ಎ.ಸಿ. ತನ್ನ ಕೈಲಾಗದು, ಕಂಪನಿಯವರ ಹತ್ತಿರವೇ ಹೋಗಿ ಎಂದ. ರಜೆ ಹಾಕಿ ಮೈಸೂರಿನ ಸರ್ವೀಸ್ ಸೆಂಟರಿಗೆ ಹೋದೆ. ಅಲ್ಲಿನ ಅಡ್ವೈಸರ್ ಗಾಡಿಯ ನಂಬರು ಕಂಪ್ಯೂಟರಿಗೆ ಹಾಕಿ, ಸ್ವಲ್ಪ ಬಗ್ಗಿ ನೋಡಿದ.

"ಮೇಡಂ, ನಿಮ್ಮ ಗಾಡಿಗೆ ಒಂದು ರೀಕಾಲ್ ಬಾಕಿ ಇದೆ."

"ಹಾಗಂದ್ರೆ?"

"ತಯಾರಾಗುವಾಗಲೇ ಏನೋ ದೋಷ ಬಂದಿದ್ದರೆ ಕಂಪನಿಯವರೇ ಗಾಡಿ ವಾಪಸ್ ಕರೆಸಿ ಸರಿ ಮಾಡಿಕೊಡ್ತಾರೆ. ನಿಮ್ಮ ಬ್ಯಾಚಿನ ಗಾಡಿಗಳಲ್ಲಿ ಮುಂದಿನ ಎಡ ಸೀಟಿನ ಬೆಲ್ಟ್ ಬಕಲ್ ಬದಲಾಯಿಸಬೇಕು. ಟಕ್ ಅಂತ ಶಬ್ದ ಬರುತ್ತೆ, ಆದರೆ ಕೆಲವು ಸಲ ಒಳಗಡೆ ಪೂರ್ತಿ ಕಚ್ಚಿಕೊಂಡಿರಲ್ಲ. ಜೋರಾಗಿ ಎಳೆದರೆ ಬಿಟ್ಟುಕೊಳ್ಳುತ್ತೆ. ಫ್ರೀ ಮೇಡಂ. ಇಪ್ಪತ್ತು ನಿಮಿಷದ ಕೆಲಸ."

ಎದ್ದು ಹೊರಗೆ ಹೋದೆ. ಕಾರಿನ ಎಡ ಬಾಗಿಲು ತೆಗೆದು ಅವ್ವನ ಸೀಟಿನಲ್ಲಿ ಕೂತೆ. ಕಾರು ಕೊಂಡಮೇಲೆ ಆ ಸೀಟಿನಲ್ಲಿ ನಾನು ಕೂತಿದ್ದು ಅದೇ ಮೊದಲು. ಕೀ ತಿರುಗಿಸಿ, ಬೆಲ್ಟ್ ಎಳೆದು ಹಾಕಿದೆ, ಟಕ್ ಅಂತು. ಎರಡೂ ಕೈಯಿಂದ ಜಗ್ಗಿದೆ, ಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದೆ, ಜಗ್ಗಿದೆ, ಬರಲಿಲ್ಲ. ಮತ್ತೆ ಮತ್ತೆ ಮಾಡಿದೆ. ಏಳನೆಯ ಸಲವೋ ಎಂಟನೆಯ ಸಲವೋ ಟಕ್ ಅಂದದ್ದು ಸ್ಪಷ್ಟವಾಗಿ ಕೇಳಿಸಿತು, ಜಗ್ಗಿದ ಕೂಡಲೇ ಬೆಲ್ಟು ಸುಲಭವಾಗಿ ಬಿಟ್ಟು ನನ್ನ ಕೈಗೆ ಬಂತು. ಬೆಲ್ಟ್ ಹಾಕದಿದ್ದರೆ ಕಿರುಚುವ ಕಾರಿನ ಗಂಟೆ ಕೂಡ ಜಗ್ಗುವವರೆಗೆ ಸುಮ್ಮನಿತ್ತು. ಅದೂ ಕೂಡ ಮೋಸ ಹೋಗಿತ್ತು. ಅವ್ವನ ಕಿವಿಗೆ ಏನೂ ಆಗಿರಲಿಲ್ಲ, ಬುದ್ಧಿಗೂ ಏನೂ ಆಗಿರಲಿಲ್ಲ. ನಾನು ಆ ಸೀಟಿನಲ್ಲೇ ಕೂತು ಅತ್ತೆ. ಪಕ್ಕದಲ್ಲಿ ಕಾರು ತೊಳೆಯುತ್ತಿದ್ದವನು ಪೈಪು ಹಿಡಿದು ಬೇರೆ ಕಡೆ ಹೋದ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಒಳಗೆ ಹೋಗಿ ಆ ಅಡ್ವೈಸರಿನ ಮೇಜು ಕುಟ್ಟಿದೆ. ನಿಮಗೆ ಗೊತ್ತಿದ್ದೂ ಜನರಿಗೆ ಹೇಳದೆ ಕೂತಿದ್ದೀರಾ, ನನ್ನ ತಾಯಿಯ ಕೈ ಹೋಯಿತು, ಒಂದು ಫೋನ್ ಮಾಡಲು ನಿಮಗೇನು ಬಂದಿತ್ತು ಎಂದು ಕೂಗಾಡಿದೆ. ಅವನು ಸಮಾಧಾನದ ಮನುಷ್ಯ. ಕುರ್ಚಿ ಎಳೆದು ಕೂರಿಸಿ, ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದ.

"ಮೂರು ಸಲ ಮಾಡಿದ್ದೇವೆ ಮೇಡಂ. ನಿಮ್ಮ ಆಧಾರಿನಲ್ಲಿರುವ ರಾವಂದೂರಿನ ವಿಳಾಸಕ್ಕೆ ಕಾಗದವೂ ಹೋಗಿದೆ. ನೋಡಿ, ಮೊದಲನೇ ಫೋನಿಗೆ ಗ್ರಾಹಕರು ಹೊಲದಲ್ಲಿದ್ದೇನೆ ಅಂದಿದ್ದಾರೆ. ಎರಡನೆಯದಕ್ಕೆ ಮುಂದಿನ ವಾರ ತರ್ತೀನಿ ಅಂದಿದ್ದಾರೆ. ಮೂರನೆಯದಕ್ಕೆ ಹೊರಗಡೆ ಮಾಡಿಸಿ ಆಯ್ತು, ಇನ್ನು ಫೋನ್ ಮಾಡಬೇಡಿ ಅಂದಿದ್ದಾರೆ. ಅದಕ್ಕೇ ನಿಲ್ಲಿಸಿದ್ದು."

ಮೂರನೆಯ ಫೋನು ಬಂದಿದ್ದು ಹೋದ ದೀಪಾವಳಿಗೆ ಮುಂಚೆ. ಅವ್ವನ ಕೈ ಮುರಿದಿದ್ದು ಸಂಕ್ರಾಂತಿಯಾದ ಮೇಲೆ. ಪರದೆಯ ಮೇಲೆ ಗ್ರಾಹಕರ ಹೆಸರು ಅಂತ ಇದ್ದ ಕಡೆ ನನ್ನ ಹೆಸರು ದಪ್ಪಕ್ಷರದಲ್ಲಿತ್ತು. ಹೊಲದಲ್ಲಿದ್ದವಳು ನಾನು, ತರ್ತೀನಿ ಅಂದವಳು ನಾನು, ಆಯ್ತು ಬಿಡಿ ಅಂದವಳೂ ನಾನೇ.

ಕಂಪನಿಯವರದು ಏನೂ ತಪ್ಪಿಲ್ಲ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಮಾರುವಾಗ ಅವರ ಮನುಷ್ಯ ಒಂದು ತಿಂಗಳಲ್ಲಿ ನಾಲ್ಕು ಸಲ ಹುಣಸೂರಿಗೆ ಬಂದು ಹೋಗಿದ್ದ. ಕೆಟ್ಟ ಬಕಲ್ಲು ಮಾರಿದ ಮೇಲೆ ಮೂರು ಫೋನು, ಒಂದು ಇಂಗ್ಲಿಷ್ ಕಾಗದ. ಯಾರೋ ಒಬ್ಬ ಆಯ್ತು ಅಂದರೆ ಎಲ್ಲಿ ಆಯ್ತು, ಯಾರು ಮಾಡಿದರು ಎಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಅವರ ಕೆಲಸ ಫೋನ್ ಮಾಡುವುದು, ಮಾಡಿದರು. ನನ್ನ ಲ್ಯಾಬಿನಲ್ಲಿ ಹಾಗೆ ಮಾಡಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಹೊಸ ಬಕಲ್ಲು ಹಾಕಿದರು. ಸರಿಯಾಗಿ ಇಪ್ಪತ್ತು ನಿಮಿಷ ಆಯಿತು, ಗಡಿಯಾರ ನೋಡುತ್ತಲೇ ಕೂತಿದ್ದೆ. ಹಳೆಯದನ್ನು ನನಗೆ ಕೊಡಿ ಅಂದೆ. ಕೊಡುವ ಹಾಗಿಲ್ಲವಂತೆ, ಕಂಪನಿಗೆ ವಾಪಸು ಹೋಗಬೇಕಂತೆ. ಸರಿ, ನಂಬರನ್ನಾದರೂ ಬದಲಾಯಿಸಿ, ನನ್ನದು ಹಾಕಿ ಎಂದೆ. ಅಡ್ವೈಸರ್ ಏನೇನೋ ಒತ್ತಿ, "ಹಳೇ ನಂಬರಿಗೆ ಒಂದು ಓಟಿಪಿ ಹೋಗಿದೆ ಮೇಡಂ, ಹೇಳಿ" ಎಂದ.

ಅಂದರೆ ನನ್ನ ಕಾರನ್ನು ನನ್ನದು ಮಾಡಿಕೊಳ್ಳಲಿಕ್ಕೂ ಅಣ್ಣನಿಗೆ ಫೋನ್ ಮಾಡಬೇಕಿತ್ತು. ಮಾಡಿದೆ. "ನಿನ್ನ ಫೋನಿಗೆ ಒಂದು ಓಟಿಪಿ ಬಂದಿದೆ, ಓದು" ಎಂದೆ. ಅವನು ಒಂದೊಂದೇ ಅಂಕಿ ಓದಿದ. "ಯಾಕಮ್ಮಿ? ಏನಾಯ್ತು?" ಎಂದು ಕೇಳಿದ. ಬತ್ತಾ ಇದೀನಿ ಊರಿಗೆ, ಇರು ಅಂದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಊರು ಮುಟ್ಟಿದೆ. ಅಣ್ಣ ಬ್ಯಾರನ್ ಮುಂದೆ ಸೌದೆ ಒಟ್ಟುತ್ತಿದ್ದ. ಒಲೆಗೆ ಬೆಂಕಿ ಹಾಕಿದ್ದರಿಂದ ಮುಖವೆಲ್ಲ ಬೆವರು. ನಾನು ಪೀಠಿಕೆ ಹಾಕಲಿಲ್ಲ.

"ಕಾರಿನವರು ಬೆಲ್ಟ್ ವಿಷಯಕ್ಕೆ ಫೋನ್ ಮಾಡಿದ್ರಾ ನಿಂಗೆ?"

"ಯಾರ್ಯಾರೋ ಮಾಡ್ತರೆ ಕಣಮ್ಮಿ. ದಿನಕ್ಕೆ ಅತ್ತು ಫೋನು. ಲೋನ್ ಬೇಕಾ, ಜಾಗ ಬೇಕಾ, ಗಾಡಿ ಸರ್ವೀಸ್ ಮಾಡುಸ್ತೀರಾ. ಎಲ್ಲಾರ್ಗೂ ಆಯ್ತು ಬುಡಿ ಅಂತೀನಿ. ಅಂಗಂದ್ರೇನೇ ಸುಮ್ಕಾಗೋದು ಅವ್ರು."

"ಬೆಲ್ಟ್ ಅಂತ ಹೇಳಿದ್ರಾ ಇಲ್ವಾ?"

ಅವನು ಸೌದೆಯ ತುಂಡೊಂದನ್ನು ತಿರುಗಿಸಿ ತಿರುಗಿಸಿ ನೋಡಿದ. "ಏನೋ ಬೆಲ್ಟು ಅಂದ್ರು. ಮೈಸೂರ್ಗೆ ತಗಂಬನ್ನಿ ಅಂದ್ರು. ಗಾಡಿ ಚೆಂದಾಗೇ ಓಡ್ತಿತ್ತಲ್ಲ. ಸುಮ್ನೆ ಕರೆಸ್ಕಂಡು ಅದು ಓಗ್ಯದೆ, ಇದು ಓಗ್ಯದೆ ಅಂತ ಬಿಚ್ಚಾಕ್ತರೆ ಅಂದ್ಕಂಡೆ."

"ಆಸ್ಪತ್ರೇಲಿ ಅವ್ವನ ಕೈ ನೋಡಿದಾಗ ನೆನಪಾಯ್ತಾ?"

ಅವನು ಕೈಯಲ್ಲಿದ್ದ ತುಂಡನ್ನು ಸೌದೆ ರಾಶಿಯ ಮೇಲಿಟ್ಟ. ನೆನಪಾಗಲಿಲ್ಲ ಅನ್ನಲಿ ದೇವರೇ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ನಾಲಗೆ ತಿರುಗಿಸಿ ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು, ನಂಬುತ್ತಿದ್ದೆ. ನನ್ನ ಅಣ್ಣ ಅಂಥ ಹೊತ್ತಿನಲ್ಲಿ ನಿಜ ಹೇಳಿದ.

"ಆಯ್ತು" ಎಂದ. "ಆವಾಗ್ ಯೋಳಿದ್ರೆ ಕೈ ವಾಪಸ್ ಬತ್ತಿತ್ತಾ?"

ಕೈ ವಾಪಸು ಬರುತ್ತಿರಲಿಲ್ಲ. ಆರು ತಿಂಗಳು ತಾನೇ ತಪ್ಪಿತಸ್ಥೆ ಎಂದು ಅವ್ವ ಊರಿಗೆಲ್ಲ ಹೇಳಿಕೊಂಡು ತಿರುಗುವುದು ತಪ್ಪುತ್ತಿತ್ತು. ನಾನು ಅವಳಿಗೆ ಬುದ್ಧಿ ಕಡಿಮೆಯಾಗುತ್ತಿದೆ ಎಂದು ವಿವರಿಸುವುದು ತಪ್ಪುತ್ತಿತ್ತು. ಇದನ್ನೆಲ್ಲ ಅವನಿಗೆ ಹೇಳಿದೆ, ಇನ್ನೂ ಕೆಟ್ಟದ್ದಾಗಿಯೂ ಹೇಳಿದೆ. ಬರೆಯಲಾಗದ ಮಾತುಗಳು ಕೆಲವು ಬಂದವು. ಅವನು ತಲೆ ಬಗ್ಗಿಸಿ ಒಲೆಗೆ ಸೌದೆ ನೂಕುತ್ತಲೇ ಇದ್ದ. "ಅವ್ವಂಗೆ ಯೋಳ್ಬೇಡ" ಅಂತ ಒಂದೇ ಒಂದು ಮಾತು ಅಂದ.

ನಾನು ನೆಟ್ಟಗೆ ಅವ್ವನ ಹತ್ತಿರ ಹೋದೆ.

ಅವಳು ಹಿತ್ತಿಲ ಜಗಲಿಯ ಮೇಲೆ ಕೂತು, ಕಡ್ಡಿ ಕಟ್ಟುವವರಿಗೆ ಬೇಕಾದ ದಾರವನ್ನು ಎಡಗೈಯಲ್ಲಿ ಸುತ್ತುತ್ತಿದ್ದಳು. ಮಕ್ಕಳಿಗೆ ಕೊಡುವಂಥ ಕೆಲಸ. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೆಲ್ಟಿನಲ್ಲೇ ದೋಷ ಇತ್ತು, ಕಂಪನಿಯವರೇ ಒಪ್ಪಿಕೊಂಡಿದ್ದಾರೆ, ನನ್ನ ಕೈಯಲ್ಲೂ ಹಾಗೇ ಬಿಟ್ಟುಕೊಂಡಿತು, ಇವತ್ತು ಹೊಸದು ಹಾಕಿಸಿದೆ ಎಂದೆ.

ಅವ್ವನ ಕೈ ನಿಂತಿತು. "ಅಂಗಾರೆ ನಾನು ಸರ್ಯಾಗೇ ಆಕಿದ್ನಾ?"

"ಸರಿಯಾಗೇ ಹಾಕಿದ್ದೆ."

"ಟಕ್ ಅಂದಿದ್ದೂ ದಿಟವಾ?"

"ದಿಟ ಕಣವ್ವ. ನಾನೇ ನಂಬಲಿಲ್ಲ ನಿನ್ನ. ಎಲ್ಲರೆದುರು ಬೈದೆ. ತಪ್ಪಾಯ್ತು."

ಅವಳ ಮುಖದಲ್ಲಿ ಎಂಥ ಬೆಳಕು ಬಂತೆಂದರೆ, ನನ್ನ ತಪ್ಪಾಯ್ತು ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. "ನಾನ್ ಯೋಳ್ನಿಲ್ವಾ!" ಎಂದಳು. ಎರಡು ಸಲ ಅಂದಳು. ಆ ವಾರೆಯಾದ ಕೈಯನ್ನು ಎತ್ತಿ ಅದಕ್ಕೇ ಹೇಳುವವಳಂತೆ ಇನ್ನೊಂದು ಸಲ ಅಂದಳು. ಎದ್ದು ಹೋಗಿ ಕಡ್ಡಿ ಕಟ್ಟುತ್ತಿದ್ದ ಹೆಂಗಸರಿಗೆಲ್ಲ ಆಗಲೇ ಹೇಳಿಬಿಡುತ್ತಾಳೆ ಅನ್ನಿಸಿತು. ಕಾಲು ಕೆಳಗಿಳಿಸಿಯೂ ಬಿಟ್ಟಳು.

ಅಲ್ಲಿಗೆ ನಾನು ಸುಮ್ಮನಾಗಬಹುದಿತ್ತು. ಆದರೆ ಅಣ್ಣನ ಮೇಲಿನ ಸಿಟ್ಟು ಇಳಿದಿರಲಿಲ್ಲ. "ಅವರು ಮೂರು ಸಲ ಫೋನ್ ಮಾಡಿ ಹೇಳಿದ್ರಂತೆ" ಎಂದೆ.

"ಯಾರ್ಗೆ? ನಿಂಗಾ?"

"ನನಗಲ್ಲ. ನನ್ನ ನಂಬರು ಅಲ್ಲಿ ಇರಲಿಲ್ಲ."

ಅವ್ವನಿಗೆ ಹೆಚ್ಚು ಹೇಳುವುದು ಬೇಕಾಗಲಿಲ್ಲ. ಆ ಮನೆಯಲ್ಲಿ ನಂಬರು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತು. ಕೆಳಗಿಳಿಸಿದ ಕಾಲನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಂಡಳು. ಬ್ಯಾರನ್ ಕಡೆಯಿಂದ ಸೌದೆ ಎತ್ತಿಹಾಕುವ ಸದ್ದು ಬರುತ್ತಿತ್ತು. ಅವಳು ಅತ್ತ ಕತ್ತು ತಿರುಗಿಸಿದಳು. ಆಮೇಲೆ ದಾರದ ಉಂಡೆ ತೆಗೆದುಕೊಂಡು ಮತ್ತೆ ಎಡಗೈಯಲ್ಲಿ ಸುತ್ತಲು ಶುರುಮಾಡಿದಳು.

"ಯಾರ್ಗೂ ಯೋಳ್ಬೇಡ" ಎಂದಳು. "ಬೆಲ್ಟು ನೆಟ್ಟುಗಿತ್ತು. ನಂಗೇ ಆಕ್ಕಳಕ್ಕೆ ಬರ್ನಿಲ್ಲ."

"ಯಾಕವ್ವ? ನೀನ್ಯಾಕೆ ಹೊತ್ಕೊಳ್ಬೇಕು? ನನ್ನ ಜೊತೆ ಹುಣಸೂರಿಗೆ ಬಾ. ಇವತ್ತೇ ಬಾ."

"ಅಲ್ ನಂಗೇನವ್ವ ಕೆಲ್ಸ? ನೀನು ಆಸ್ಪತ್ರೆಗೆ ಓಗ್ತೀಯ, ನಾನು ಗೋಡೆ ನೋಡ್ಕಂಡು ಕುಂತಿರನಾ?" ಎಂದಳು. "ಅವ್ನು ಕೆಟ್ಟೋನಲ್ಲ ಕಣೆ. ಈ ಇಸ್ಯ ನಂಗೊತ್ತು ಅಂತ ಅವ್ನಿಗೆ ಗೊತ್ತಾಗ್ಬುಟ್ರೆ, ಇನ್ಮೇಲೆ ನನ್ ಕೈ ಕಂಡಾಗೆಲ್ಲ ಅವ್ನಿಗೆ ರೇಗ್ತದೆ. ಅವ್ನ್ ಮನೇಲಿ ಇರೋಳು ನಾನು. ನೀನು ಸಂಜ್ಗೆ ಗಾಡಿ ಅತ್ಕಂಡು ಓಯ್ತೀಯ."

ಅವಳ ಕೈಯಿಂದ ದಾರ ತೆಗೆದುಕೊಂಡು ಒಂದಷ್ಟು ಸುತ್ತಿಕೊಟ್ಟೆ. ಅತ್ತಿಗೆ ಊಟಕ್ಕೆ ಎಬ್ಬಿಸಿದಳು. ಅಣ್ಣ ಕೈ ತೊಳೆದು ಬಂದು ಎದುರಿಗೆ ಕೂತ. ಅವನ ಕಣ್ಣು ಮೊದಲು ನನ್ನ ಮೇಲೆ ಬಿತ್ತು, ಆಮೇಲೆ ಅವ್ವನ ಮೇಲೆ. ಅವ್ವ ಎಡಗೈಯಲ್ಲಿ ಮುದ್ದೆ ಮುರಿಯುತ್ತಾ, ಸಾರಿಗೆ ಉಪ್ಪು ಸರಿ ಇದೆಯೇನೋ ಮಗ ಎಂದು ಅವನನ್ನು ಕೇಳಿದಳು. ಅವನ ಹೆಗಲು ಕೆಳಗಿಳಿದದ್ದು ನನಗೆ ಕಾಣಿಸಿತು. ಅವ್ವನಿಗೂ ಕಾಣಿಸಿರಬೇಕು.

ಐದು ಗಂಟೆಗೆ ನಾನು ಗಾಡಿ ಹತ್ತಿಕೊಂಡು ಹೊರಟುಬಂದೆ.